ಮೇಸ್ತ್ರಿ ಮನೆಯ ಹೊಗೆ

ಚಳಿಗಾಲದ ಬೆಳಗ್ಗೆ ಬೀದಿಯ ಮನೆಗಳೆಲ್ಲ ಕಿಟಕಿ ಮುಚ್ಚಿಕೊಂಡು ಬೆಚ್ಚಗಿದ್ದರೆ, ಮೇಸ್ತ್ರಿಯ ಮನೆಯಲ್ಲಿ ಮಾತ್ರ ಬಾಗಿಲು ಕಿಟಕಿಗಳೆಲ್ಲ ಹಾರುಹೊಡೆದಿರುತ್ತಿದ್ದವು. ಹಜಾರದ ಮೂಲೆಯ ಕಬ್ಬಿಣದ ಒಲೆಗೆ ಕಟ್ಟಿಗೆ ಹಾಕುವುದು ಮನೆ ಬೆಚ್ಚಗಾಗಲಿ ಎಂದು. ಹಾಕಿದ ಮೇಲೆ ಹೊಗೆ ತಾಳಲಾರದೆ ಕಿಟಕಿ ತೆಗೆಯುವುದು. ಕಟ್ಟಿಗೆಯೂ ಹಾಳು, ಚಳಿಯೂ ಹೋಗದು.

ತಮಾಷೆಯೆಂದರೆ, ಆ ಬೀದಿಯ ಮುಕ್ಕಾಲು ಪಾಲು ಹೊಗೆಗೂಡುಗಳನ್ನು ಕಟ್ಟಿದವನು ಇದೇ ಮೇಸ್ತ್ರಿ. ಮಂಡಿನೋವಿನಿಂದ ಏಣಿ ಹತ್ತುವುದನ್ನು ಬಿಟ್ಟಿದ್ದರೂ, ಯಾರ ಮನೆಯಲ್ಲಿ ಹೊಗೆ ವಾಪಸ್ ಬಂದರೂ ಸಲಹೆಗೆ ಅವನೇ ಬೇಕು. ಅಂಥವನ ಮನೆಯಲ್ಲೇ ಹೊಗೆ ಎಂದರೆ ಮರ್ಯಾದೆ ಉಳಿಯುತ್ತದೆಯೇ? ಈ ಮಾತು ಹೊಸಿಲು ದಾಟಬಾರದೆಂದು ಮನೆಮಂದಿಗೆಲ್ಲ ತಾಕೀತಾಗಿತ್ತು.

"ಮಾವ, ಇವತ್ತೂ ಬಂತು," ಎಂದಳು ಸೊಸೆ, ಮಗುವನ್ನು ಕಂಕುಳಲ್ಲಿಟ್ಟುಕೊಂಡು. ಒಲೆ ಹಚ್ಚಿ ಹಚ್ಚಿ ಅವಳ ಕಣ್ಣುಗಳು ಕೆಂಪಾಗಿದ್ದವು.

"ಹಸಿ ಕಟ್ಟಿಗೆ ಹಾಕಿದ್ರೆ ಇನ್ನೇನಾಗುತ್ತೆ?"

"ಹಸಿ ಅಲ್ಲ ಮಾವ, ಹೋದ ವರ್ಷ ನೀವೇ ಸೀಳಿಸಿಟ್ಟಿದ್ದು. ಹಿತ್ತಲ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ಹೀಗಾಗುತ್ತೆ. ಗಾಳಿ ಇಲ್ಲದ ದಿನ ವಾಸನೆನೂ ಇರಲ್ಲ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಮೂವತ್ತು ವರ್ಷ ಇದೇ ಒಲೆ ಹಚ್ಚಿದೀನಿ ನಾನು. ಒಂದು ದಿನಾನೂ ಹೊಗೆ ಕಂಡಿರ್ಲಿಲ್ಲ. ಇವಳು ಕಾಲಿಟ್ಟ ವರ್ಷದಿಂದ ಶುರುವಾಯ್ತು."

ಅತ್ತೆ ಹೇಳಿದ್ದು ಸುಳ್ಳೇನಲ್ಲ. ಸೊಸೆ ಬಂದ ವರ್ಷದಿಂದಲೇ ಹೊಗೆ ಶುರುವಾಗಿದ್ದು ನಿಜ. 

ಮೇಸ್ತ್ರಿ ಸುಮ್ಮನೆ ಕೂತಿದ್ದನೆಂದಲ್ಲ. ಮಗನಿಂದ ಒಲೆಯ ಹೊಗೆಕೊಳವೆಯ ಮಸಿ ಉಜ್ಜಿಸಿದ. ಹೊಗೆ ಸೋರದಂತೆ ಒಲೆಯ ಬಾಗಿಲ ಸುತ್ತ ಕೂರಿಸಿದ್ದ ಸವೆದ ಹಗ್ಗ ಕಿತ್ತು ಹೊಸದು ಕೂರಿಸಿದ. ಕೊಳವೆಯ ಸಂದುಗಳಿಗೆ ಗಾರೆ ಮೆತ್ತಿದ. ಆಮೇಲೆ ಎರಡು ದಿನ ಗಾಳಿಯೇ ಬೀಸಲಿಲ್ಲ, ಹೊಗೆಯೂ ಬರಲಿಲ್ಲ. "ನೋಡಿದ್ರಾ, ನನ್ನ ಕೈ ಬಿದ್ದ ಕೂಡಲೇ ಹೇಗೆ ಸರಿಹೋಯ್ತು!" ಎಂದು ಮೀಸೆ ತಿರುವಿದ. ಮೂರನೆಯ ದಿನ ಗಾಳಿ ಎದ್ದಿತು, ಹಜಾರದ ತುಂಬ ಹೊಗೆ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದ ಮೇಸ್ತ್ರಿ, ಸೊಸೆಗೆ ಕೇಳಲಿ ಎಂದೇ. ಅವಳು ಬೂದಿ ತುಂಬಿದ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಆ ವಾರ ಮಗುವಿನ ಎದೆ ಗೊರಗೊರ ಎನ್ನತೊಡಗಿತು. ಡಾಕ್ಟರರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಈ ಮಗು ಹೊಗೆಯಿರುವ ಮನೆಯಲ್ಲಿ ಇರಕೂಡದು ಎಂದರು. ಸಂಜೆ ಮಗ ಅಪ್ಪನ ಎದುರು ನಿಂತ. ಸದಾ ತಲೆತಗ್ಗಿಸಿ ಉಂಡು ಕೆಲಸಕ್ಕೆ ಹೋಗುವ ಹುಡುಗ ಅವನು.

"ಅಪ್ಪ, ನಾಳೆ ಅವಳು ಮಗೂನ ಕರ್ಕೊಂಡು ತವರಿಗೆ ಹೋಗ್ತಾಳೆ. ನಾನೂ ಬಾಡಿಗೆ ಮನೆ ನೋಡ್ತಿದೀನಿ."

"ಹೊಗೆ ಒಂದು ನೆಪ," ಎಂದಳು ತಾಯಿ. "ಬೇರೆ ಮನೆ ಮಾಡ್ಬೇಕು ಅನ್ನೋದು ಅವಳ ಮನಸ್ಸಲ್ಲಿ ಮೊದಲಿಂದ್ಲೂ ಇತ್ತು."

ಮೇಸ್ತ್ರಿ ಊಟ ಬಿಟ್ಟೆದ್ದ. ಮೊಮ್ಮಗು ಇಲ್ಲದ ಮನೆ ಅವನಿಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ಮರುದಿನ ಮಗ ಆಟೋ ತರಲು ಹೋಗಿದ್ದ. ಮಹಡಿಯ ಮೇಲಿನ ಕೋಣೆಯಲ್ಲಿ ಮಗು ಒಂದೇ ಸಮನೆ ಕೆಮ್ಮುತ್ತಿತ್ತು, ಸೊಸೆ ಒಬ್ಬಳೇ ಗಂಟುಮೂಟೆ ಕಟ್ಟುತ್ತಿದ್ದಳು. ಮೇಸ್ತ್ರಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮಗನ ಮದುವೆಗೆಂದು ಆ ಕೋಣೆ ಕಟ್ಟಿದವನು ತಾನೇ ಆದರೂ, ಮಗ ಸೊಸೆ ಇರುವ ಕೋಣೆಗೆ ಹಿರಿಯರು ಹೋಗಬಾರದೆಂದು ಅಂದಿನಿಂದ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಕೋಣೆ ಉಸಿರುಗಟ್ಟುವಂತಿತ್ತು. "ಕಿಟಕಿ ಯಾಕಮ್ಮ ಮುಚ್ಚಿದೀಯ?" ಎನ್ನುತ್ತಲೇ ಹಿತ್ತಲ ಕಡೆಯ ಕಿಟಕಿ ತಳ್ಳಿದ. ಮುಖಕ್ಕೆ ಹೊಗೆ ಬಡಿಯಿತು. ಕಣ್ಣೊರೆಸಿಕೊಂಡು ನೋಡಿದರೆ ಹೊಗೆಗೂಡಿನ ಬಾಯಿ ಕಿಟಕಿಗಿಂತ ಕೆಳಗಿತ್ತು. ಹಿತ್ತಲ ಗಾಳಿ ಕೋಣೆಯ ಗೋಡೆಗೆ ಬಡಿದು, ಮುಂದೆ ಹೋಗಲು ದಾರಿಯಿಲ್ಲದೆ ಕೆಳಕ್ಕೆ ತಿರುಗಿ, ಹೊಗೆಯನ್ನು ಬಂದ ದಾರಿಯಲ್ಲೇ ಒಳಕ್ಕೆ ನೂಕುತ್ತಿತ್ತು.

ಅವನಿಗೆ ಎಲ್ಲ ನೆನಪಾಯಿತು. ಬೇಸಿಗೆಯ ಮದುವೆ, ಅವಸರದ ಕೆಲಸ. ಮೇಲೆ ಮಹಡಿ ಕಟ್ಟಿದಾಗ ಹೊಗೆಗೂಡನ್ನೂ ಅದಕ್ಕಿಂತ ಎತ್ತರಕ್ಕೆ ಏರಿಸಬೇಕೆಂಬುದು ಅವನಿಗೆ ತಿಳಿಯದ ವಿಷಯವೇ? ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಿದ್ದ. ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ಸೊಸೆಗಾಗಿ ಕಟ್ಟಿದ ಗೋಡೆ ಮಾಡಿದ ತಪ್ಪು ಸೊಸೆಯ ತಲೆಗೆ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

"ಇದನ್ನ ನನಗ್ಯಾಕೆ ಹೇಳ್ಲಿಲ್ಲಮ್ಮ ನೀನು?"

"ಹೇಳಿದ್ದೆ ಮಾವ," ಎಂದಳು ಸೊಸೆ, ಮಗುವಿಗೆ ಟೋಪಿ ಹಾಕುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟಿದ್ದರೆ ಮೇಸ್ತ್ರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆಟೋ ಬಂತು. ಅದರ ಹಿಂದೆಯೇ ಎದುರು ಮನೆಯ ಬೇಕರಿಯವನೂ ಬಂದ. ಬೀದಿಯಲ್ಲಿ ಯಾರ ಮನೆ ಮುಂದೆ ಗಾಡಿ ನಿಂತರೂ ಅವನಿಗೆ ಕೂತಲ್ಲಿ ಕೂರಲಾಗದು.

"ಏನಮ್ಮ, ಸೊಸೆ ಗಂಟುಮೂಟೆ ಸಮೇತ ಹೊರಟುಬಿಟ್ರಾ?" ಎಂದ, ಬಾಗಿಲಲ್ಲಿ ನಿಂತಿದ್ದ ಅತ್ತೆಗೆ.

"ಈಗಿನ ಕಾಲದವರಿಗೆ ಏನೇನೋ ಆಗಿಬರಲ್ಲ ಬಿಡಿ," ಎಂದು ಅತ್ತೆ ಮಾತು ಶುರುಮಾಡಿದಳು.

"ಇವಳದ್ದೇನೂ ಇಲ್ಲ ಕಣಯ್ಯ," ಎಂದ ಮೇಸ್ತ್ರಿ, ಬೀದಿಗೆಲ್ಲ ಕೇಳುವಂತೆ. "ನನ್ನ ಮನೆಯ ಹೊಗೆಗೂಡು ಗಿಡ್ಡ. ಹೊಗೆಯೆಲ್ಲ ಒಳಗೇ ಬರ್ತಿದೆ. ತಪ್ಪಾಗಿ ಕಟ್ಟಿದವನು ನಾನು. ಮೂರು ಚಳಿಗಾಲ ಈ ಹುಡುಗಿ ಹೇಳಿದ್ಳು, ನಾನು ಕಿವಿಗೆ ಹಾಕ್ಕೊಳ್ಲಿಲ್ಲ."

"ರೀ!" ಎಂದಳು ಹೆಂಡತಿ.

ಬೇಕರಿಯವನು ಬಾಯಿ ಬಿಟ್ಟ. "ನೀವು ಕಟ್ಟಿದ್ದು ತಪ್ಪಾ? ನನ್ನ ಬೇಕರಿದೂ ನಿಮ್ಮದೇ ಅಲ್ವಾ ಮೇಸ್ತ್ರಿ!"

"ಅದನ್ನೂ ಬಂದು ನೋಡ್ತೀನಿ. ನಿನ್ನ ಹೆಂಡ್ತಿ ಏನಾದ್ರೂ ಹೇಳ್ತಿದ್ರೆ ಮೊದಲು ಕೇಳ್ಕೋ."

ಸೊಸೆ ಆಟೋದಲ್ಲಿ ಕೂತಿದ್ದವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಈ ಸಲ ಹೊಗೆ ಇರಲಿಲ್ಲ.

"ಎತ್ತರಿಸಿದ ಮೇಲೆ ಗಾಳಿ ಬೀಸೋ ದಿನ ಹಚ್ಚಿ ನೋಡಿ ಮಾವ," ಎಂದಳು. "ಸುಮ್ನಿರೋ ದಿನ ನೋಡಿದ್ರೆ ಗೊತ್ತಾಗಲ್ಲ."

"ಸರಿಯಮ್ಮ. ಗಾಳಿ ಬೀಸೋ ದಿನವೇ ಹಚ್ತೀನಿ. ನಾನೇ ಹಚ್ತೀನಿ."

ಆಟೋ ಹೋಯಿತು, ಮಗ ಉಳಿದುಕೊಂಡ. ಮೇಸ್ತ್ರಿ ಒಲೆ ಆರಿಸಿ, ಹಿತ್ತಲಲ್ಲಿ ಗಾರೆ ಕಲಸಿದ. ಏಣಿಯನ್ನು ಮಗ ಭದ್ರವಾಗಿ ಹಿಡಿದುಕೊಂಡ. ಒಂದೊಂದು ಮೆಟ್ಟಿಲಿಗೂ ಮಂಡಿ ಜೀವ ಹಿಂಡುತ್ತಿತ್ತು. ಮೇಲೆ ಹತ್ತಿ ಕೂತು, ಇಟ್ಟಿಗೆಗೆ ಕೈ ಚಾಚಿದ. ಕೆಳಗೆ ಹೆಂಡತಿ ಮುಖ ಊದಿಸಿಕೊಂಡು ನಿಂತಿದ್ದಳು. ಬೀದಿಯಲ್ಲಿ ಗಂಡ ಮರ್ಯಾದೆ ಕಳೆದನೆಂಬ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಸೆರಗು ಸಿಕ್ಕಿಸಿಕೊಂಡು ಒಂದು ಇಟ್ಟಿಗೆ ಎತ್ತಿ ಮಗನ ಕೈಗೆ ಕೊಟ್ಟಳು.

"ಸರಿಯಾಗಿ ಎತ್ತರಿಸಕ್ಕೆ ಹೇಳು ನಿಮ್ಮಪ್ಪಂಗೆ," ಎಂದಳು. "ಮಗು ಬೇಗ ಬರಬೇಕು."