ಜತ್ತಪ್ಪಣ್ಣನ ಬೇಸ್ ಗಿಟಾರು, ನನ್ನ ನಾಲಿಗೆ

ನನ್ನ ಬಾಯಿ ಸರಿ ಇಲ್ಲ ಅಂತ ಕಡಬ ಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಮಿಕ್ಸಿಯೊಳಗೆ ಇರುವೆ ಗೂಡು ಕಟ್ಟುವವರೆಗೆ ಬಿಟ್ಟು, ಆಮೇಲೆ ತಂದು "ಪಂಕಜಕ್ಕ, ನಿನ್ನೆವರೆಗೆ ಒಳ್ಳೇದಿತ್ತು" ಅನ್ನುವವರಿಗೆ ನಾನೇನು ಆರತಿ ಎತ್ತಬೇಕೇ? ಅಪ್ಪನಿಂದ ಬಂದ ರಿಪೇರಿ ಅಂಗಡಿ, ಮೂವತ್ತೈದು ವರ್ಷದಿಂದ ನನ್ನದು. ಬೈದರೂ ಜನ ಬರುತ್ತಾರೆ. ಯಾಕೆಂದರೆ ಪಂಕಜಾಕ್ಷಿ ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು, ಅದರ ಮೇಲೆ ಇನ್ನೊಬ್ಬರನ್ನು ಕೇಳುವ ಅಗತ್ಯವಿಲ್ಲ. ಆ ಹೆಸರಿನ ಮೇಲೆ ನನಗೆ ಬಹಳ ಜಂಬ ಇತ್ತು.

ಕಳೆದ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಎದುರು ಜೀಪು ನಿಂತಿತು. ಇಳಿದದ್ದು ಮೋಕ್ಷಿತಾ, ಪೆರಾಬೆಯ ಜತ್ತಪ್ಪಣ್ಣನ ಮೊಮ್ಮಗಳು. ಡ್ರೈವರನೂ ಅವಳೂ ಸೇರಿ ಇಳಿಸಿದ ಪೆಟ್ಟಿಗೆಯನ್ನು ನೋಡಿದ್ದೇ ನನಗೆ ಗುರುತು ಸಿಕ್ಕಿತು. ಹಸಿರು ರೆಕ್ಸಿನ್ ಹೊದಿಸಿದ ಹಳೇ ವಾಲ್ವಿನ ಆಂಪ್ಲಿಫಯರು. ಜೊತೆಗೆ ಗೋಣಿಯಲ್ಲಿ ಸುತ್ತಿದ ಬೇಸ್ ಗಿಟಾರು.

"ಅತ್ತೆ, ಬರುವ ಭಾನುವಾರ ಪುತ್ತೂರಿನ ಹಾಲ್‌ನಲ್ಲಿ ನನ್ನ ಮದುವೆ. ಊಟ ಆದ ಮೇಲೆ ಅಜ್ಜ ಬಾರಿಸ್ಬೇಕು, ಅಜ್ಜಿ ಹಾಡ್ಬೇಕು, ಅದು ನನ್ನ ಆಸೆ. ಬಾಡಿಗೆಗೆ ಹೊಸತು ತರ್ತೇನೆ ಅಂದ್ರೆ ಅಜ್ಜ ಒಪ್ಪುದಿಲ್ಲ. ನನ್ನ ಪೆಟ್ಟಿಗೆ ಸತ್ತ ದಿನವೇ ನನ್ನ ಬಾರಿಸುದೂ ಮುಗಿದಿದೆ ಅಂತಾರೆ."

"ಇದು ಸತ್ತಿದೆ ಅಂತ ಹೇಳಿದ್ದು ಯಾರು, ಗೊತ್ತುಂಟಾ?"

"ಗೊತ್ತುಂಟು. ನೀವೇ. ಅದಕ್ಕೇ ನಿಮ್ಮಲ್ಲಿಗೆ ತಂದದ್ದು."

ಹುಡುಗಿ ನನಗಿಂತ ಜೋರು. ನಗು ಬಂತು, ಆದರೆ ನಗಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ಸುಳ್ಯದಿಂದ ಪುತ್ತೂರಿನವರೆಗೆ ಎಲ್ಲಿ ಆರ್ಕೆಸ್ಟ್ರಾ ಇದ್ದರೂ ಬೇಸ್ ಗಿಟಾರು ಜತ್ತಪ್ಪಣ್ಣನದ್ದು, ಹಾಡು ಅವರ ಹೆಂಡತಿ ಸೇವಂತಿಯಕ್ಕನದ್ದು. ಅಂಥದ್ದೇ ಒಂದು ಏಪ್ರಿಲಿನಲ್ಲಿ ಅವರು ಈ ಪೆಟ್ಟಿಗೆ ತಂದು, ಸ್ವಲ್ಪ ಸ್ವರ ಕಮ್ಮಿಯಾಗಿದೆ, ನೋಡಿ ಅಂದಿದ್ದರು. ಅವರದ್ದೊಂದು ಕ್ರಮ ಉಂಟು: ಕೈಕಾಲು ತೊಳೆಯದೆ ವಾದ್ಯ ಮುಟ್ಟುವವರಲ್ಲ. "ಸ್ವಲ್ಪ ನೀರು ಉಂಟಾ ಪಂಕಜಕ್ಕ?" ಅಂತ ಕೇಳಿದರು. ನಳ್ಳಿಯಲ್ಲಿ ನೀರು ಬಾರದೆ ಮೂರು ದಿನವಾಗಿತ್ತು, ಎದುರಿಗೆ ಹತ್ತು ಜನ ಕಾಯುತ್ತಿದ್ದರು. "ಕಾಲು ತೊಳೀಲಿಕ್ಕೆ ಇದೆಂತ ದೇವಸ್ಥಾನವಾ ಮಾರಾಯ್ರೆ?" ಅಂತ ಎಲ್ಲರೆದುರು ಹೇಳಿ, ಗಿಟಾರಿನ ವಯರನ್ನು ನಾನೇ ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಗುಂಯ್ ಎಂಬ ಶಬ್ದ ಅಂಗಡಿ ತುಂಬ ತುಂಬಿತು. ಮೀಟರು ಕೂಡ ಹಿಡಿಯಲಿಲ್ಲ ನಾನು. "ಟ್ರಾನ್ಸ್‌ಫಾರ್ಮರು ಹೋಗಿದೆ. ಈಗ ಇಂಥದ್ದು ಎಲ್ಲಿಯೂ ಸಿಗುದಿಲ್ಲ. ಮನೆಯಲ್ಲಿ ಹಾಕಿ ನೋಡ್ಬೇಡಿ, ಶಾಕ್ ಹೊಡೆದು ಸಾಯ್ತೀರಿ" ಅಂದುಬಿಟ್ಟೆ. ಅವರು ಪೆಟ್ಟಿಗೆ ಹೊತ್ತುಕೊಂಡು ಹೋದರು. ಬೇಸ್ ಇಲ್ಲದಿದ್ದರೆ ನನ್ನ ಸ್ವರ ನಿಲ್ಲುವುದಿಲ್ಲ ಅಂತ ಸೇವಂತಿಯಕ್ಕನೂ ಹಾಡುವುದನ್ನು ಬಿಟ್ಟರಂತೆ.

ಮೋಕ್ಷಿತಾ ಹೋದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಒಳಗೆ ಹಲ್ಲಿಯ ಮೊಟ್ಟೆ, ಕಣಜದ ಮಣ್ಣಿನ ಗೂಡು, ಜಿರಳೆಯ ಸಂಸಾರ. ಎಲ್ಲವನ್ನೂ ಒಕ್ಕಲೆಬ್ಬಿಸಿ ಮೊದಲು ಟ್ರಾನ್ಸ್‌ಫಾರ್ಮರಿಗೆ ಮೀಟರು ಹಿಡಿದೆ. ಮುಳ್ಳು ನೆಟ್ಟಗೆ ನಿಂತಿತು. ಇನ್ನೊಮ್ಮೆ ಹಿಡಿದೆ. ಟ್ರಾನ್ಸ್‌ಫಾರ್ಮರು ಗಟ್ಟಿಮುಟ್ಟಾಗಿತ್ತು! ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ನನ್ನ ಮುಖ ಬಿಸಿಯಾಯಿತು. ಹಾಗಾದರೆ ಅವತ್ತು ಗುಂಯ್ ಅಂದದ್ದು ಯಾಕೆ? ಬೇರೆ ಏನೋ ಕೆಟ್ಟಿರಬೇಕು, ಹುಡುಕಿದರೆ ಸಿಗುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಐದು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಒಣಗಿದ ಕೆಪಾಸಿಟರುಗಳನ್ನೆಲ್ಲ ಬದಲಾಯಿಸಿದೆ. ವಾಲ್ವುಗಳ ಕಾಲನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದೆ. ಸ್ಪೀಕರಿನ ಕಾಗದ ಹರಿದಿತ್ತು. ಅದಕ್ಕೆ ರಬ್ಬರ್ ಹಾಲಿನಷ್ಟು ಒಳ್ಳೆಯ ಮದ್ದು ಇಲ್ಲ. ಆದರೆ ಪಕ್ಕದ ತೋಟದವನು ತಂದುಕೊಟ್ಟದ್ದು ರಬ್ಬರ್ ಶೀಟು ಮಾಡಲು ಆಸಿಡ್ ಹಾಕಿದ್ದ ಹಾಲು. ಬ್ರಶ್ಶು ಅದ್ದುವಷ್ಟರಲ್ಲಿ ಅದು ಗ್ಲಾಸಿನಲ್ಲೇ ಮೊಸರಾಗಿ ಕುಳಿತಿತ್ತು. ಅವನಿಗೆ ಬೈದದ್ದು ಬಸ್‌ಸ್ಟಾಂಡಿಗೆ ಕೇಳಿಸಿರಬೇಕು. ಮರುದಿನ ಮರದಿಂದ ಇಳಿಸಿದ್ದನ್ನು ಹಾಗೆಯೇ ತರಿಸಿ, ತೆಳು ಕಾಗದದ ತೇಪೆ ಹಚ್ಚಿದೆ.

ಗಿಟಾರಿನ ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ಒಳಗಿನ ಕಬ್ಬಿಣದ ಸರಳನ್ನು ದಿನಕ್ಕೆ ಕಾಲು ಸುತ್ತು ಬಿಗಿ ಮಾಡುತ್ತ ನೆಟ್ಟಗೆ ಮಾಡಿದೆ. ತಂತಿಗಳ ಸ್ವರ ಹಿಡಿಯುವ ಸುರುಳಿ ಪೂರ್ತಿ ಹೋಗಿತ್ತು. ಅಮ್ಮನ ಹೊಲಿಗೆ ಮಿಶಿನಿನಲ್ಲಿ ಬಾಬಿನ್ ಸುತ್ತುವ ಚಕ್ರಕ್ಕೆ ಅದನ್ನು ಸಿಕ್ಕಿಸಿ, ಕೂದಲಿನಷ್ಟು ಸಪೂರ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಬೇಕು. ನಾಲ್ಕು ಸಾವಿರದ ಹತ್ತಿರ ಬಂದಾಗ ಯಾರೋ ಬಂದು "ಅಕ್ಕ, ನನ್ನ ಕುಕ್ಕರಿನ ಹಿಡಿ ಆಯ್ತಾ?" ಅಂದರು. ಸುತ್ತಿನ ಲೆಕ್ಕ ತಪ್ಪಿತು. ಪುನಃ ಒಂದರಿಂದ ಶುರು ಮಾಡಿದೆ.

ಶುಕ್ರವಾರ ಮಧ್ಯಾಹ್ನ ಜತ್ತಪ್ಪಣ್ಣ ಬರುವವರಿದ್ದರು. ಅವರು ಬರುವ ಮೊದಲು ಒಮ್ಮೆ ನೋಡೋಣ ಅಂತ ಗಿಟಾರು ಸಿಕ್ಕಿಸಿ ಸ್ವಿಚ್ಚು ಹಾಕಿದೆ. ವಾಲ್ವುಗಳು ನಿಧಾನಕ್ಕೆ ಕೆಂಪಾದವು. ಚೆಂದ! ಆಮೇಲೆ ಶುರುವಾಯಿತು ನೋಡಿ, ಗುಂಯ್. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ಗುಂಯ್. ನನಗೆ ಅಳುವೇ ಬಂತು. ಇನ್ನು ಬದಲಾಯಿಸಲು ಆ ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ.

ಅಷ್ಟರಲ್ಲಿ ಜತ್ತಪ್ಪಣ್ಣ ಮೆಟ್ಟಿಲು ಹತ್ತಿದರು. ಎಪ್ಪತ್ತೆರಡು ವರ್ಷ, ಹೆಗಲಿನಲ್ಲಿ ಮುಖ ಒರೆಸುವ ಬೈರಾಸು. ಬೆಲ್ಲ ನೀರು ಕೊಟ್ಟೆ. ಕುಡಿದು, ಗುಂಯ್‌ಗುಡುವ ಪೆಟ್ಟಿಗೆಯನ್ನು ನೋಡಿ, "ಹೋಗ್ಲಿ ಬಿಡಿ ಪಂಕಜಕ್ಕ, ನೀವು ಅವತ್ತೇ ಹೇಳಿದ್ರಿ. ಇದು ಮಕ್ಕಳ ಹಟ. ಒಮ್ಮೆ ಮುಟ್ಟಿ ಹೋಗ್ತೇನೆ, ಅಷ್ಟೇ" ಅಂದರು. ಆಮೇಲೆ ಹೆದರಿ ಹೆದರಿ ಕೇಳಿದರು: "ಸ್ವಲ್ಪ ನೀರು ಉಂಟಾ?"

ಆ ಹೆದರಿಕೆ ನೋಡಿ ನನಗೆ ನಾಚಿಕೆಯಾಯಿತು. "ಹಿಂದೆ ಬಕೆಟಿನಲ್ಲಿ ಉಂಟು ಜತ್ತಪ್ಪಣ್ಣ, ಬೇಕಾದಷ್ಟು ತೊಳೀರಿ" ಅಂದೆ.

ಹಿಂಬಾಗಿಲಿನ ಆಚೆ ಅವರು ಕೈ ತೊಳೆದರು, ಕಾಲು ತೊಳೆದರು, ಉಳಿದ ನೀರನ್ನೆಲ್ಲ ಪಾದದ ಮೇಲೆ ಹೊಯ್ದುಕೊಂಡರು. ಇತ್ತ ಅಂಗಡಿಯೊಳಗೆ ಗುಂಯ್ ಸಣ್ಣದಾಗುತ್ತ ಬಂತು. ಆಮೇಲೆ ನಿಂತೇ ಹೋಯಿತು.

ನಾನು ಎದ್ದು ಹೋಗಿ ನೋಡಿದೆ. ಅವರು ನಿಂತಿದ್ದದ್ದು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಪೈಪು ಹೂತಿಟ್ಟ ಗುಂಡಿಯ ಮೇಲೆ. ನನ್ನ ಅಂಗಡಿ ಇರುವುದು ಕೆಂಪು ಮುರಕಲ್ಲಿನ ದಿಬ್ಬದಲ್ಲಿ. ಬೇಸಗೆಗೆ ಆ ಮಣ್ಣು ಒಣಗಿ ಇಟ್ಟಿಗೆಯಾದರೆ ಅರ್ತು ಇದ್ದೂ ಇಲ್ಲದ ಹಾಗೆ. ಮಿಕ್ಸಿಗೆ, ಫ್ಯಾನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ವಾಲ್ವಿನ ಪೆಟ್ಟಿಗೆಗೆ ಬೇಸ್ ಗಿಟಾರು ಸಿಕ್ಕಿಸಿದರೆ ಗೊತ್ತಾಗುತ್ತದೆ. ಈ ಮೂರು ತಾಲೂಕಿನ ಮೈಕ್ ಸೆಟ್ಟಿನವರಿಗೆಲ್ಲ "ಬೇಸಗೆಯಲ್ಲಿ ಅರ್ತಿನ ಗುಂಡಿಗೆ ನೀರು ಹಾಕಿ, ಇಲ್ಲದಿದ್ದರೆ ಗುಂಯ್ ಅಂತದೆ" ಅಂತ ಹೇಳಿಕೊಟ್ಟದ್ದೇ ನಾನು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ನಾನು ಕುಣಿಯುವವರನ್ನು ಮನೆಗೆ ಕಳಿಸಿದ್ದೆ.

ಜತ್ತಪ್ಪಣ್ಣ ಒಳಗೆ ಬಂದು ಕಿವಿಗೊಟ್ಟರು. "ಗುಂಯ್ ಹೋಯ್ತಲ್ಲ! ಎಂತ ಕೈಗುಣ ಪಂಕಜಕ್ಕ ನಿಮ್ಮದು!"

ಹೌದು ಅಂದರೆ ಆಗುತ್ತಿತ್ತು. ನೋಡಿದವರಿಲ್ಲ, ಕೇಳುವವರಿಲ್ಲ. ನನ್ನ ಹೆಸರು ಇನ್ನೊಂದು ಸುತ್ತು ದೊಡ್ಡದಾಗುತ್ತಿತ್ತು. ನಾಲಿಗೆ ಒಮ್ಮೆ ಆ ಕಡೆಗೆ ಹೊರಳಿತು ಕೂಡ. ಆದರೆ ಅವರು ಒದ್ದೆ ಕಾಲಿನಲ್ಲಿ ಗಿಟಾರಿಗೆ ಕೈಮುಗಿಯುತ್ತಿದ್ದರು.

"ಕೈಗುಣ ಅಲ್ಲ ಜತ್ತಪ್ಪಣ್ಣ. ನಿಮ್ಮ ಕಾಲು ತೊಳೆದ ನೀರು" ಅಂದೆ. ಎಲ್ಲ ಹೇಳಿದೆ. "ನಿಮ್ಮ ಪೆಟ್ಟಿಗೆ ಸತ್ತೇ ಇರ್ಲಿಲ್ಲ. ಅವತ್ತು ಒಂದು ಬಕೆಟ್ ನೀರು ಕೊಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಾನು ಬಾಯಿ ಮಾಡಿದೆ. ತಪ್ಪು ನನ್ನದು."

ನನ್ನ ಬಾಯಿಯಿಂದ ಆ ಕೊನೆಯ ಎರಡು ಪದ ಬಂದದ್ದು ಅದೇ ಮೊದಲು. ಅವರು ಬೈಯಲಿ ಅಂತ ಕಾಯುತ್ತಿದ್ದೆ.

"ಅಂದ್ರೆ ಇಷ್ಟು ವರ್ಷ ಇದಕ್ಕೆ ಜೀವ ಇತ್ತಾ?" ಅಂತ ಕೇಳಿದರು.

"ಇತ್ತು."

ಅವರು ಪೆಟ್ಟಿಗೆಯ ಬೆನ್ನು ಸವರಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಅಯ್ಯೋ ದೇವರೇ! ಅಟ್ಟದಲ್ಲಿ ಹೆಣ ಉಂಟು ಅಂತ ನಾನು ಆ ಕಡೆ ತಲೆ ಎತ್ತಿ ನೋಡ್ತಿರ್ಲಿಲ್ಲ ಮಾರಾಯ್ರೆ! ಸೇವಂತಿಗೆ ಹೇಳ್ಬೇಕು, ಮೊದ್ಲು ಅವಳಿಗೆ ಹೇಳ್ಬೇಕು!" ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನ್ನದೂ ಅದೇ ಅವಸ್ಥೆ. ಹೋಗುವಾಗ ಬಾಗಿಲಲ್ಲಿ ತಿರುಗಿ ಹೇಳಿದರು: "ಬಿಡುದಿಲ್ಲ ಪಂಕಜಕ್ಕ, ದಂಡ ಉಂಟು. ಭಾನುವಾರ ಅರ್ತಿಗೆ ನೀರು ಹಾಕುದು ನೀವೇ."

ಭಾನುವಾರ ಪುತ್ತೂರಿನ ಹಾಲ್‌ನ ಹಿಂಭಾಗದಲ್ಲಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ ಹಿಡಿದು ನಿಂತೆ. ಒಳಗಿನಿಂದ ಬೇಸಿನ ಮೊದಲ ಸ್ವರ ಬಂತು. ಗೋಡೆ ನಡುಗಿತು, ನನ್ನ ಕಾಲಡಿಯ ನೆಲ ನಡುಗಿತು. ಜನ ಹೋ ಅಂದರು. ನಾನು ಅಲ್ಲಿನ ಅರ್ತಿನ ಗುಂಡಿಗೆ ನೀರು ಹೊಯ್ದೆ.

ಹಾಲ್ ನೋಡಿಕೊಳ್ಳುವ ಮಶೂದ್ ಓಡಿ ಬಂದ. "ಎಂತ ಮಾಡುದು ನೀವು? ಇಲ್ಲಿ ಕೈತೊಳೆಯುವ ನೀರೆಲ್ಲ ಈ ಗುಂಡಿಗೇ ಬರುದು. ವರ್ಷವಿಡೀ ಒದ್ದೆ ಉಂಟು. ನೀರು ಬೇಡವೇ ಬೇಡ."

"ಗೊತ್ತುಂಟು, ಸುಮ್ನಿರು ಮಾರಾಯ" ಅಂದೆ.

ಒಳಗೆ ಸೇವಂತಿಯಕ್ಕ ಹಾಡಲು ಶುರು ಮಾಡಿದರು. ಮೊದಲ ಸಾಲಿನಲ್ಲಿ ಸ್ವರ ಸ್ವಲ್ಪ ನಡುಗಿತು. ಕೆಳಗಿನಿಂದ ಬೇಸು ಬಂದು ಹಿಡಿಯಿತು, ಎರಡನೇ ಸಾಲಿಗೆ ಸ್ವರ ಗಟ್ಟಿಯಾಗಿ ನಿಂತಿತು. ನಾನು ಇನ್ನೊಂದು ಬಕೆಟ್ ತುಂಬಿಸಲು ನಳ್ಳಿ ತಿರುಗಿಸಿದೆ.