ಟೈಲರಮ್ಮ ಹೊಲಿದ ಗುಟ್ಟಿನ ಜೇಬು

ಮಗಳನ್ನು ಹಾಸ್ಟೆಲಿಗೆ ಕಳಿಸುವ ಮನೆಯಲ್ಲಿ ಮೊದಲು ಒಂದು ಪಟ್ಟಿ ಹುಟ್ಟುತ್ತದೆ. ಹುಟ್ಟಿದಾಗ ಅರ್ಧ ಪುಟ, ವಾರ ಕಳೆಯುವುದರೊಳಗೆ ಮೈಕೈ ತುಂಬಿಕೊಂಡು ಮೂರು ಪುಟ. ಬಕೆಟ್ಟು, ಬೀಗ, ಬಟ್ಟೆ ಒಣಹಾಕಲು ಹಗ್ಗ, ಹಗ್ಗಕ್ಕೆ ಕ್ಲಿಪ್ಪು, ಕ್ಲಿಪ್ಪಿಗೊಂದು ಡಬ್ಬಿ, ಡಬ್ಬಿಯ ಮೇಲೆ ಹೆಸರು ಬರೆಯಲು ಪೆನ್ನು. ನಮ್ಮ ಓಣಿಯ ಟೈಲರಮ್ಮನ ಮನೆಯಲ್ಲೂ ಹಾಗೇ ಆಯಿತು. ಅವರ ಒಬ್ಬಳೇ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬಸ್ಸಿನಲ್ಲಿ ಆರು ಗಂಟೆಯ ದಾರಿ. ಗುರುವಾರ ಬೆಳಿಗ್ಗೆ ಹೊರಡಬೇಕು.

ಆ ಹುಡುಗಿಯನ್ನು ಓಣಿಯವರೆಲ್ಲ ‘ಗಿಣಿ’ ಎನ್ನುತ್ತಾರೆ. ಯಾರ ದನಿಯನ್ನು ಬೇಕಾದರೂ ಥೇಟ್ ಅವರಂತೆಯೇ ತೆಗೆಯುತ್ತಾಳೆ. ಹೊಲಿಗೆ ತಡವಾಯಿತೆಂದು ಜಗಳಕ್ಕೆ ಬರುವವರ ದನಿ, ಜಗಳ ಮರೆತು ಅಳತೆ ಕೊಡುವಾಗಿನ ಅವರದೇ ದನಿ, ಎರಡೂ ಬಾಯಿಪಾಠ. ಅವಳ ಅಪ್ಪ ಬಸ್ ಕಂಡಕ್ಟರು. ಮನೆಯಲ್ಲೂ ಅವರಿಗೆ ಡ್ಯೂಟಿ ಮುಗಿಯುವುದಿಲ್ಲ. ಪೆಟ್ಟಿಗೆ ತುಂಬುವಾಗ, ಮುಂದೆ ಜಾಗ ಇದೆ, ಸ್ವಲ್ಪ ಮುಂದೆ ಹೋಗಿ ಎಂದು ಬಟ್ಟೆಗಳಿಗೆ ಹೇಳುತ್ತಿದ್ದರು. ಗಿಣಿ ಹಿಂದಿನಿಂದ ಅವರದೇ ದನಿಯಲ್ಲಿ, ಇನ್ನಿಬ್ಬರು ಹತ್ತಬಹುದು ಎಂದು ಎರಡು ದಿಂಬು ಎಸೆಯುತ್ತಿದ್ದಳು.

ಮೂರು ಪುಟದ ಆ ಪಟ್ಟಿಯಲ್ಲಿ ಒಂದು ವಸ್ತು ಮಾತ್ರ ಇರಲಿಲ್ಲ. ಅಂಗೈಯಲ್ಲಿ ಅಡಗುವ ನೀಲಿ ಇನ್ಹೇಲರ್.

ಗಿಣಿಗೆ ಏಳನೇ ವಯಸ್ಸಿನಿಂದ ಉಬ್ಬಸ. ದೂಳೆದ್ದರೆ, ತಣ್ಣನೆ ಗಾಳಿ ಬೀಸಿದರೆ, ಘಾಟು ವಾಸನೆ ಬಂದರೆ ಎದೆ ಬಿಗಿಯುತ್ತದೆ. ಟೈಲರಮ್ಮನ ಕಿವಿ ಎಂಥದ್ದೆಂದರೆ, ಹೊಲಿಗೆ ಯಂತ್ರ ಟಕಟಕ ಓಡುತ್ತಿದ್ದರೂ ಪಕ್ಕದ ಕೋಣೆಯಲ್ಲಿ ಮಗಳ ಉಸಿರು ಲಯ ತಪ್ಪಿದ್ದು ಗೊತ್ತಾಗುತ್ತಿತ್ತು. ಮಗಳು ಬಾಯಿ ತೆರೆಯುವ ಮೊದಲೇ ಇನ್ಹೇಲರ್ ಅವಳ ಕೈಯಲ್ಲಿ. ಶಾಲೆ ಮನೆಯಿಂದ ನಾಲ್ಕು ಹೆಜ್ಜೆ, ಹಾಗಾಗಿ ಅಲ್ಲಿಗೂ ಅದನ್ನು ಕಳಿಸಿದವರಲ್ಲ. ಹನ್ನೊಂದು ವರ್ಷದಲ್ಲಿ ಗಿಣಿ ಒಮ್ಮೆಯೂ ಅದನ್ನು ತಾನಾಗಿ ಹುಡುಕಿ ತೆಗೆದುಕೊಂಡಿರಲಿಲ್ಲ.

ಮುಚ್ಚಿಡುವುದಕ್ಕೆ ಕಾರಣವಿತ್ತು. ಗಿಣಿಗೆ ಎಂಟು ವರ್ಷವಿದ್ದಾಗ, ಉಬ್ಬಸದ ಸುದ್ದಿ ಕೇಳಿದ ಒಬ್ಬ ತಾಯಿ ಶಾಲೆಗೆ ಬಂದು ತನ್ನ ಮಗಳನ್ನು ಅವಳ ಬೆಂಚಿನಿಂದ ಎಬ್ಬಿಸಿ ದೂರ ಕೂರಿಸಿದ್ದಳು. ಉಬ್ಬಸ ಅಂಟುವ ಕಾಯಿಲೆಯಲ್ಲ. ಆದರೆ ಆ ಬೆಂಚಿನ ನೋವು ಟೈಲರಮ್ಮನಿಗೆ ಅಂಟಿಕೊಂಡಿತು. ಅಂದಿನಿಂದ ಆ ಮಾತು ಮನೆಯ ಹೊಸಿಲು ದಾಟಿಲ್ಲ.

ಹಾಸ್ಟೆಲಿನ ಅರ್ಜಿಯಲ್ಲಿ ‘ಯಾವುದಾದರೂ ಆರೋಗ್ಯದ ತೊಂದರೆ ಇದೆಯೇ’ ಎಂಬಲ್ಲಿ ಟೈಲರಮ್ಮ ‘ಇಲ್ಲ’ ಎಂದು ಬರೆದು, ಅದರ ಕೆಳಗೆ ಗೆರೆಯನ್ನೂ ಎಳೆದಿದ್ದರು. ಆಮೇಲೆ ಮಗಳ ಎಂಟು ಹೊಸ ಉಡುಪುಗಳಲ್ಲಿ ಎಂಟು ಗುಟ್ಟಿನ ಜೇಬು ಹೊಲಿದರು. ಒಂದರಲ್ಲಿ ಸೊಂಟದ ಮಡಿಕೆಯೊಳಗೆ, ಇನ್ನೊಂದರಲ್ಲಿ ಅಂಚಿನೊಳಗೆ, ಮತ್ತೊಂದರಲ್ಲಿ ಅಸ್ತರಿಗೂ ಬಟ್ಟೆಗೂ ನಡುವೆ. ಒಂದೇ ಜಾಗದಲ್ಲಿದ್ದರೆ ಜೊತೆಯ ಹುಡುಗಿಯರು ಪತ್ತೆಹಚ್ಚಿಬಿಡುತ್ತಾರೆ ಎಂಬ ಲೆಕ್ಕಾಚಾರ.

ಸೋಮವಾರ ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಕ್ಕ ಬಂದರು. ಗಿಣಿಯ ಇನ್ಹೇಲರ್ ಬರುವುದು ಅಲ್ಲಿಂದಲೇ, ಹಾಗಾಗಿ ಅವರಿಗೆ ವಿಷಯ ಗೊತ್ತಿತ್ತು. ಅವರ ಬಿಳಿ ಕೋಟಿನ ಜೇಬು ಹರಿದಿತ್ತು. ಕೋಟು ಸಿದ್ಧವಾಗುವವರೆಗೆ ಸ್ಟೂಲಿನ ಮೇಲೆ ಕೂತರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅರ್ಜಿ ಬಿದ್ದಿತ್ತು. ಕಾಗದ ತಲೆಕೆಳಗಾಗಿದ್ದರೂ ಓದಿಬಿಡುವುದು ಅವರ ವೃತ್ತಿಯ ಅಭ್ಯಾಸ.

“ಟೈಲರಮ್ಮ, ಈ ‘ಇಲ್ಲ’ ಯಾರು ಬರೆದಿದ್ದು?”

ಟೈಲರಮ್ಮ ಸೂಜಿಗೆ ನೂಲು ಪೋಣಿಸುತ್ತ, ನಾನೇ ಎಂದರು. ಇದೆ ಅಂತ ಬರೆದರೆ ಹಾಸ್ಟೆಲಿನಲ್ಲಿ ಜಾಗ ಕೊಡುತ್ತಾರೋ ಇಲ್ಲವೋ, ಕೊಟ್ಟರೂ ಜೊತೆಗಿರುವವರು ಮೂಗು ಮುರಿಯುತ್ತಾರೆ ಎಂದು ವಿವರಿಸಿದರು.

“ಹಾಸ್ಟೆಲಲ್ಲಿ ಈ ವಿಷಯ ಉಸಿರೆತ್ತಬೇಡ ಅಂತ ಇವಳಿಗೆ ಹೇಳಿಟ್ಟಿದೀನಿ.”

“ಉಬ್ಬಸದವಳಿಗೆ ಉಸಿರೆತ್ತಬೇಡ ಅಂದ್ರೆ ಹೇಗೆ?” ಎಂದರು ನರ್ಸಕ್ಕ.

ಗಿಣಿಯ ಜೊತೆ ಪೆಟ್ಟಿಗೆ ತುಂಬುತ್ತಿದ್ದ ಕಂಡಕ್ಟರು ನಕ್ಕರು. ಹೆಂಡತಿಯ ಮುಖ ನೋಡಿ ನಗುವನ್ನು ಅರ್ಧ ದಾರಿಯಲ್ಲೇ ಇಳಿಸಿದರು.

ಟೈಲರಮ್ಮನಿಗೆ ಸಿಟ್ಟು ಬಂತು. ತಾನೇನೂ ಕಣ್ಣುಮುಚ್ಚಿ ಕಳಿಸುತ್ತಿಲ್ಲ ಎಂದು ಎಂಟೂ ಉಡುಪು ತಂದು ಕಂಬಿಗೆ ನೇತುಹಾಕಿದರು. ನರ್ಸಕ್ಕ ಒಂದೊಂದನ್ನೂ ಹಿಂದೆಮುಂದೆ ತಿರುಗಿಸಿ ನೋಡಿದರು. ಜೇಬು ಎಲ್ಲಿದೆಯೆಂದು ಕಾಣಲಿಲ್ಲ. ಇಂಥ ಕೈಗೆಲಸ ತಾನು ಕಂಡೇ ಇಲ್ಲ ಎಂದು ಮನಸಾರೆ ಹೊಗಳಿದರು. ಟೈಲರಮ್ಮನ ಮುಖ ಸಡಿಲವಾಯಿತು. ಆಗ ನರ್ಸಕ್ಕ ಮೆತ್ತಗೆ ಕೇಳಿದರು.

“ಎದೆ ಬಿಗಿದಾಗ ಇವಳಿಗೆ ಮಾತಾಡೋಕೆ ಆಗಲ್ಲ. ಯಾವ ಜೇಬು ಅಂತ ಆವಾಗ ಯಾರು ಹೇಳ್ತಾರೆ?”

ಅಷ್ಟಕ್ಕೆಲ್ಲ ಹೋಗುವುದಿಲ್ಲ ಎಂದರು ಟೈಲರಮ್ಮ. ಹೋಗದಿರಲಿ ಎಂದೇ ನನ್ನ ಆಸೆಯೂ, ಆದರೂ ಒಂದು ಸಲ ನೋಡೋಣ ಎಂದರು ನರ್ಸಕ್ಕ. ಗಿಣಿ ಇನ್ಹೇಲರನ್ನು ಒಂದು ಉಡುಪಿನ ಜೇಬಿಗೆ ಹಾಕಬೇಕು, ಯಾವುದೆಂದು ಹೇಳಬಾರದು, ಉಬ್ಬಸ ಬಂದವಳಂತೆ ನಟಿಸಬೇಕು. ಅಪ್ಪ ಹುಡುಕಿ ಕೊಡಬೇಕು. ಗಿಣಿಗೆ ನಟನೆಯೆಂದರೆ ಕೇಳಬೇಕೇ. ಬಾಗಿಲ ಬಳಿ ಕುಸಿದು ಕೂತಳು. ಭುಜ ಮೇಲೇರಿಸಿ ಸುಯ್ಯೆಂದು ಉಸಿರೆಳೆದಳು.

ಕಂಡಕ್ಟರು ತೋಳೇರಿಸಿದರು. ಇಪ್ಪತ್ತು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ, ಚೀಲದ ಕಡೆ ನೋಡದೆ ಚಿಲ್ಲರೆ ತೆಗೆದ ಬೆರಳುಗಳು. ಮೊದಲ ಉಡುಪಿನಲ್ಲಿ ತಡಕಾಡಿದವು, ಎರಡನೆಯದರಲ್ಲಿ ತಡಕಾಡಿದವು, ಮೂರನೆಯದರಲ್ಲಿ ದಾರಿ ತಪ್ಪಿ ತೋಳಿನೊಳಗೆ ಹೊಕ್ಕು ಹೊರಬಂದವು. ನರ್ಸಕ್ಕ ತಮ್ಮ ಗಡಿಯಾರ ನೋಡಿ, ಒಂದು ನಿಮಿಷ ಎಂದರು.

ಟೈಲರಮ್ಮನಿಗೆ ಕೂತಿರಲಾಗಲಿಲ್ಲ. ಗಂಡನನ್ನು ಸರಿಸಿ ತಾವೇ ನಿಂತರು. ನಟನೆಯೆಂದು ಗೊತ್ತಿದ್ದರೂ ಆ ಸುಯ್ಯೆನ್ನುವ ಸದ್ದು ಅವರ ಬೆನ್ನಿಗೆ ಬಡಿಯುತ್ತಿತ್ತು. ಸೊಂಟ ನೋಡಿದರು, ಅಂಚು ನೋಡಿದರು. ಹಸಿರು ಉಡುಪಿಗೆ ಬಂದಾಗ ಜೇಬು ಎಡಕ್ಕೋ ಬಲಕ್ಕೋ ಎಂಬುದೇ ಮರೆತುಹೋಯಿತು. ತಾವೇ ಹಾಕಿದ ಹೊಲಿಗೆಯನ್ನು ಉಗುರಿನಿಂದ ಕಿತ್ತರು. ಎರಡು ನಿಮಿಷ ಎಂದರು ನರ್ಸಕ್ಕ.

ಗಿಣಿ ನಟನೆ ನಿಲ್ಲಿಸಿದಳು. ಅಮ್ಮನ ಕೈ ನಿಲ್ಲಲಿಲ್ಲ.

“ಸಾಕು ಬಿಡಮ್ಮ. ನಂಗೇನೂ ಆಗಿಲ್ಲ.” ಎದ್ದು ಬಂದು ಅಮ್ಮನ ಕೈ ಹಿಡಿದಳು. “ಒಂದು ಮಾತು ಹೇಳ್ತೀನಿ, ಬೈಬೇಡ. ಒಂಬತ್ತನೇ ಕ್ಲಾಸಲ್ಲಿ ಹೆಡ್‌ಮಾಸ್ಟರ ದನಿ ತೆಗೀತಿದ್ದೆ. ಮಧ್ಯದಲ್ಲೇ ಉಬ್ಬಸ ಬಂತು. ಅವರು ಕೆಮ್ಮೋದನ್ನ ಮಾಡ್ತಿದೀನಿ ಅಂದ್ಕೊಂಡು ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು ಕೈ ಎತ್ತಿದೆ. ಇನ್ನೂ ಜೋರಾಗಿ ಹೊಡೆದ್ರು.”

ಟೈಲರಮ್ಮ ಕೈಯಲ್ಲಿದ್ದ ಹಸಿರು ಉಡುಪನ್ನು ಕೆಳಗಿಟ್ಟರು.

“ಆಮೇಲೆ?” ಎಂದರು ಟೈಲರಮ್ಮ.

“ಕಿಟಕಿ ಹತ್ರ ಕೂತೆ. ತುಂಬ ಹೊತ್ತಾದ್ಮೇಲೆ ಕಮ್ಮಿ ಆಯ್ತು.”

“ನನಗ್ಯಾಕೆ ಹೇಳಲಿಲ್ಲ?”

“ಯಾರಿಗೂ ಹೇಳಬೇಡ ಅಂತ ನೀನೇ ಅಲ್ವಾ ಹೇಳಿದ್ದು.”

ಟೈಲರಮ್ಮ ಮಗಳನ್ನೇ ನೋಡಿದರು. ಆ ‘ಯಾರಿಗೂ’ ಎಂಬ ಮಾತಿನಲ್ಲಿ ತಾವೂ ಸೇರಿಹೋಗಿದ್ದು ಅವರಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನರ್ಸಕ್ಕ ಏನೂ ಉಪದೇಶ ಮಾಡಲಿಲ್ಲ. ಕೋಟು ನಾಳೆ ಕೊಟ್ಟರಾಯಿತು, ಮೂವರೂ ಕೇಂದ್ರಕ್ಕೆ ಬನ್ನಿ, ಡಾಕ್ಟರು ಇರುತ್ತಾರೆ ಎಂದಷ್ಟೇ ಹೇಳಿ ಹೋದರು.

ಮಂಗಳವಾರ ಡಾಕ್ಟರು ಗಿಣಿಯ ಎದೆ ಪರೀಕ್ಷಿಸಿ, ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ದಿನಾ ತೆಗೆದುಕೊಳ್ಳುವ ಔಷಧ ಯಾವುದು, ಎದೆ ಬಿಗಿದಾಗ ತೆಗೆದುಕೊಳ್ಳುವುದು ಯಾವುದು, ಎಷ್ಟು ಸಲ, ಎಷ್ಟು ಬಿಡುವು ಕೊಟ್ಟು. ಇನ್ಹೇಲರ್ ಒಮ್ಮೆ ಶುರುಮಾಡಿದರೆ ಚಟವಾಗುತ್ತದಂತೆ, ಹೌದೇ ಎಂದು ಕಂಡಕ್ಟರು ಕೇಳಿದರು. ಚಟವಾಗುವುದಿಲ್ಲ, ಆದರೆ ನೀಲಿಯದು ಮೊದಲಿಗಿಂತ ಹೆಚ್ಚು ಸಲ ಬೇಕಾಗತೊಡಗಿದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದು ಅರ್ಥ, ಆಗ ಬಂದು ತೋರಿಸಬೇಕು ಎಂದರು ಡಾಕ್ಟರು. ನರ್ಸಕ್ಕ ಗಿಣಿಯ ಕೈಯಿಂದಲೇ ಮಾಡಿಸಿ ನೋಡಿದರು. ಇಷ್ಟು ವರ್ಷ ಅವಳು ಅಲುಗಾಡಿಸದೆ, ಉಸಿರು ಪೂರ್ತಿ ಹೊರಬಿಡದೆ ಎಳೆದುಕೊಳ್ಳುತ್ತಿದ್ದಳು. ಅರ್ಧ ಔಷಧ ಗಾಳಿಪಾಲು. ನಾಲ್ಕನೇ ಸಲಕ್ಕೆ ಸರಿಯಾಯಿತು.

ಮನೆಗೆ ಬಂದು ಗಿಣಿ ಅರ್ಜಿ ತೆಗೆದಳು. ‘ಇಲ್ಲ’ವನ್ನು ಹೊಡೆದುಹಾಕಿ ‘ಉಬ್ಬಸ ಇದೆ’ ಎಂದು ತನ್ನ ಕೈಯಲ್ಲೇ ಬರೆದಳು. ಟೈಲರಮ್ಮ ಎಂಟೂ ಗುಟ್ಟಿನ ಜೇಬು ಬಿಚ್ಚಿ, ಎಂಟರಲ್ಲೂ ಒಂದೇ ಕಡೆ, ಬಲಕ್ಕೆ, ಹೊರಗೆ ಕಾಣುವಂತೆ ದೊಡ್ಡ ಜೇಬು ಹಾಕಿದರು.

ಆದರೆ ನಿಜವಾದ ಕಷ್ಟ ಬುಧವಾರ ಬಂತು. ಹಾಸಿಗೆ ಸುರುಳಿ ಕಟ್ಟಲು ಕಂಡಕ್ಟರು ಹಳೆಯ ಕಂಬಳಿ ಕೊಡವಿದರು. ದೂಳೆದ್ದಿತು. ಪಕ್ಕದ ಕೋಣೆಯಲ್ಲಿ ಗಿಣಿಯ ಉಸಿರು ಬದಲಾಯಿತು. ಯಂತ್ರದ ಮೇಲೆ ಟೈಲರಮ್ಮನ ಕಾಲು ನಿಂತಿತು. ಅವರು ಅರ್ಧ ಎದ್ದರು. ಎದ್ದವರು ಮೇಜಿನ ಅಂಚು ಹಿಡಿದು ಹಾಗೇ ಮತ್ತೆ ಕೂತರು. ಹನ್ನೊಂದು ವರ್ಷದಲ್ಲಿ ಅಷ್ಟು ಭಾರವಾದ ಕೆಲಸ ಅವರು ಮಾಡಿರಲಿಲ್ಲ. ಒಳಗೆ ಗಿಣಿ ನೇರವಾಗಿ ಕೂತ ಸದ್ದು, ಇನ್ಹೇಲರ್ ಅಲುಗಾಡಿಸಿದ ಸದ್ದು, ಒಮ್ಮೆ ಎಳೆದುಕೊಂಡದ್ದು, ಬಿಡುವು, ಇನ್ನೊಮ್ಮೆ. ಸ್ವಲ್ಪ ಹೊತ್ತಿನ ನಂತರ ಕಂಡಕ್ಟರ ದನಿಯಲ್ಲಿ, ರೈಟ್ ರೈಟ್ ಎಂದು ಕೇಳಿಸಿತು. ಕಂಡಕ್ಟರು ಮಾತ್ರ ಕಂಬಳಿ ಹಿಡಿದು ಬಾಯಿ ಮುಚ್ಚಿ ನಿಂತಿದ್ದರು. ಟೈಲರಮ್ಮ ಕಣ್ಣೊರೆಸಿಕೊಂಡು ಹೊಲಿಗೆ ಮುಂದುವರಿಸಿದರು.

ಗುರುವಾರ ಮಧ್ಯಾಹ್ನ ಅಮ್ಮ ಮಗಳು ಹಾಸ್ಟೆಲು ತಲುಪಿದರು. ವಾರ್ಡನ್ ಅರ್ಜಿಯನ್ನೂ ಡಾಕ್ಟರ ಹಾಳೆಯನ್ನೂ ಓದಿದರು. ಟೈಲರಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ವಾರ್ಡನ್ ಹಾಳೆಯ ಪ್ರತಿ ಮಾಡಿಸಿ ಒಂದನ್ನು ತಮ್ಮ ಬಳಿ ಇಟ್ಟುಕೊಂಡು, ಆಸ್ಪತ್ರೆಯ ಫೋನ್ ನಂಬರ್ ಬರೆದುಕೊಟ್ಟು, ಹೊಸದಾಗಿ ಬಣ್ಣ ಬಳಿದ ಕೋಣೆ ಬೇಡ ಎಂದು ಬೇರೆ ಕೋಣೆಯ ಕೀಲಿ ಕೊಟ್ಟರು. ಅಷ್ಟೇ.

ಕೋಣೆಯಲ್ಲಿ ಆಗಲೇ ಒಬ್ಬ ಹುಡುಗಿ ಬಂದಿದ್ದಳು. ದಪ್ಪ ಕನ್ನಡಕ, ಹಾಸಿಗೆಯ ಮೇಲೆಲ್ಲ ಪುಸ್ತಕ. ಗಿಣಿ ಐದೇ ನಿಮಿಷದಲ್ಲಿ ವಾರ್ಡನ್ ದನಿ ತೆಗೆದು ಅವಳನ್ನು ನಗಿಸಿದಳು. ಟೈಲರಮ್ಮ ಬಕೆಟ್ಟು ಹಿಡಿದು ಬಾಗಿಲ ಹೊರಗೇ ನಿಂತರು. ಒಳಗೆ ಹೋಗಿ ತಾವೇ ಹೇಳಿಬಿಡುವ ಆಸೆ ಗಂಟಲವರೆಗೆ ಬಂದಿತ್ತು. ನಗು ನಿಂತ ಮೇಲೆ ಗಿಣಿಯ ಸ್ವಂತ ದನಿ ಕೇಳಿಸಿತು.

“ನಾನು ಎಲ್ಲಾರ ಥರಾನೂ ಮಾಡ್ತೀನಿ. ಆದ್ರೆ ಒಂದು ಮಾತ್ರ ಮಾಡಲ್ಲ. ಉಸಿರು ಕಟ್ಟೋದನ್ನ. ನಾನು ಹಾಗೆ ಮಾಡಿದ್ರೆ ಅದು ನಿಜ ಅಂತ ತಿಳ್ಕೊ. ನಂಗೆ ಉಬ್ಬಸ ಇದೆ.”

ಒಳಗೆ ಪುಸ್ತಕ ಮುಚ್ಚಿದ ಸದ್ದಾಯಿತು. ಆಮೇಲೆ ಕನ್ನಡಕದ ಹುಡುಗಿ ಒಂದರ ಹಿಂದೊಂದು ಪ್ರಶ್ನೆ ಕೇಳತೊಡಗಿದಳು. ಮಲಗಿಸಬೇಕಾ ಕೂರಿಸಬೇಕಾ, ಕಮ್ಮಿ ಆಗದಿದ್ದರೆ ಯಾರನ್ನು ಕರೆಯಬೇಕು, ಯಾವುದರಿಂದ ಬರುತ್ತದೆ. ಗಿಣಿ ಒಂದೊಂದಕ್ಕೂ ಉತ್ತರ ಹೇಳಿದಳು.

ಸ್ವಲ್ಪ ಹೊತ್ತಿನಲ್ಲಿ ಆ ಹುಡುಗಿ ಸೆಂಟಿನ ಬಾಟಲಿ ಹಿಡಿದು ಹೊರಗೆ ಬಂದಳು. ಹಜಾರದ ಆ ತುದಿಯವರೆಗೆ ನಡೆದುಹೋಗಿ ನಿಂತು ಅಲ್ಲಿಂದ ಕೇಳಿದಳು.

“ಆಂಟಿ, ಇಲ್ಲಿ ಹೊಡ್ಕೊಂಡ್ರೆ ಒಳಗೆ ಬರಲ್ಲ ಅಲ್ವಾ?”

“ಇರಮ್ಮ, ಬಾಗಿಲು ಹಾಕ್ತೀನಿ” ಎಂದರು ಟೈಲರಮ್ಮ. ಬಕೆಟ್ಟನ್ನು ಒಳಗಿಟ್ಟು, ಮಗಳ ಮುಖವನ್ನೊಮ್ಮೆ ನೋಡಿ, ಹೊರಗೆ ನಿಂತು ತಾವೇ ಬಾಗಿಲು ಎಳೆದುಕೊಂಡರು.

ಓದುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಈಗ ಒಂದು ಪಟ್ಟಿ ಬೆಳೆಯುತ್ತಿರಬಹುದು. ಮಗುವಿಗೆ ಉಬ್ಬಸವೋ, ಮೂರ್ಛೆಯೋ, ಸಕ್ಕರೆ ಕಾಯಿಲೆಯೋ, ಯಾವುದಾದರೂ ಔಷಧ ಒಗ್ಗದಿರುವುದೋ ಇದ್ದರೆ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಡಾಕ್ಟರಿಂದ ಒಂದು ಹಾಳೆ ಬರೆಸಿ ವಾರ್ಡನ್ನಿಗೂ ಜೊತೆಗಿರುವವರಿಗೂ ಕೊಡಿಸಿ. ಔಷಧದ ಅವಧಿ ಮುಗಿದಿದೆಯೇ ನೋಡಿ, ಕೈಗೆ ಸಿಗುವ ಒಂದೇ ಜಾಗದಲ್ಲಿ ಇಡುವುದನ್ನು ರೂಢಿಸಿ. ಉಬ್ಬಸ ಬಂದವರನ್ನು ಮಲಗಿಸಬೇಡಿ, ನೇರವಾಗಿ ಕೂರಿಸಿ. ಬರೆದುಕೊಟ್ಟಷ್ಟು ಔಷಧ ಕೊಟ್ಟರೂ ಉಸಿರು ತಿಳಿಯಾಗದಿದ್ದರೆ, ಮಾತಾಡಲು ಕಷ್ಟವಾದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಡುವ ಮೊದಲು ಎರಡು ದಿನವಾದರೂ ಎಲ್ಲವನ್ನೂ ಮಗುವೇ ಮಾಡಲಿ, ನೀವು ಕೂತಲ್ಲೇ ಕೂತಿರಿ. ಕಷ್ಟ, ಗೊತ್ತು. ಆದರೆ ನಿಮ್ಮ ಮಗುವಿನ ವಿಷಯ ತಿಳಿದ ಒಬ್ಬರು ಆ ಕೋಣೆಯಲ್ಲಿದ್ದಾರೆ ಎಂದು ಗೊತ್ತಿದ್ದರೆ, ಇಲ್ಲಿ ನೀವೂ ನೆಮ್ಮದಿಯಾಗಿ ಉಸಿರಾಡಬಹುದು.