ಅಟ್ಟದ ಕಾಯಿಯ ಚಿತ್ರ

ಗಂಡಸಿಯ ಕೃಷ್ಣಪ್ಪನ ಮಗಳು ಹೇಮಾಶ್ರೀ ಹಾಸನದ ಕಾಲೇಜೊಂದರಲ್ಲಿ ಸಂಶೋಧನೆಗೆ ಕೂತಿದ್ದಳು. ತೆಂಗಿನಕಾಯಿಯನ್ನು ಒಡೆಯದೆ, ಎಕ್ಸ್‌ರೇ ನೆರಳುಗಳಿಂದಲೇ ಅದರ ಒಳಗನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಕಟ್ಟುವುದು ಅವಳ ಕೆಲಸ. ಕಾಲೇಜಿನ ಪುಟ್ಟ ಯಂತ್ರ ನಾಲ್ಕಾರು ದಿಕ್ಕಿನಿಂದಷ್ಟೇ ನೆರಳು ಹಿಡಿಯುತ್ತಿತ್ತು. ಹಾಗಾಗಿ ಅವಳು ಕಂಪ್ಯೂಟರಿನಲ್ಲೇ ತ್ರಿಕೋನಗಳ ಬಲೆಯೊಂದನ್ನು ಹೆಣೆದಿದ್ದಳು. ಚಿಪ್ಪು, ಕೊಬ್ಬರಿಗಳ ಅಂಚು ಇರಬೇಕಾದಲ್ಲಿ ಸಣ್ಣ ಕಣ್ಣು, ಉಳಿದೆಡೆ ದೊಡ್ಡದು. ಒಂದೊಂದು ಕಣ್ಣಿನಲ್ಲೂ ಏನಿದೆಯೆಂದು ಕಂಪ್ಯೂಟರ್ ಲೆಕ್ಕ ಹಾಕಿ ತುಂಬುತ್ತಿತ್ತು.

ಕೊಬ್ಬರಿಯಾಗಲೆಂದು ಅಟ್ಟದಲ್ಲಿಟ್ಟಿದ್ದು, ಅಪ್ಪ ಇಳಿಸಿ ತಂದ ಕಾಯಿಗಳ ಚಿತ್ರ ಸೊಗಸಾಗಿ ಬಂತು. ಚಿಪ್ಪಿನಿಂದ ಬಿಟ್ಟು, ಒಳಗೆ ಉಂಡೆಯಾಗಿ ಕೂತ ಕೊಬ್ಬರಿ! ಮಾರ್ಗದರ್ಶಕರಾದ ಗಂಗಾಧರಪ್ಪ ಮೇಷ್ಟ್ರು ಹಿಗ್ಗಿ, ಅರಸೀಕೆರೆಯ ಬೆಳೆಗಾರರ ಸಭೆಯಲ್ಲಿ ತೋರಿಸಲು ದಿನ ಗೊತ್ತುಮಾಡಿಯೇಬಿಟ್ಟರು. ಅದೊಂದು ಮುಗಿದರೆ ಪದವಿ ಕೈಗೆ ಬಂದಂತೆಯೇ.

ಅಷ್ಟರಲ್ಲಿ ರೂಮಿನ ಜೊತೆಗಾತಿ ನಯನಾ ಚಟ್ನಿಗೆಂದು, ಚಿತ್ರ ತೆಗೆದಿದ್ದ ಆ ಕಾಯಿಗಳಲ್ಲೊಂದನ್ನು ಒಡೆದಳು.

"ಅಕ್ಕ, ಇದೆಂಥ ಕೊಬ್ಬರಿ? ಚಿಪ್ಪಿಗೆ ಕಚ್ಕೊಂಡೈತೆ, ಚಾಕು ಹಾಕಿದ್ರೂ ಏಳ್ತಿಲ್ಲ."

ಹೇಮಾಶ್ರೀ ಆ ಹೋಳನ್ನು ಅದೇ ಕಾಯಿಯ ಚಿತ್ರದ ಪಕ್ಕ ಹಿಡಿದು ನೋಡಿದಳು. ಅವರ ಮನೆಯಲ್ಲಿ ಕೊಬ್ಬರಿ ಒಣಗಿ ಒಳಗೆ ಸದ್ದು ಮಾಡುವ ತನಕ ಅಟ್ಟದ ಕಾಯಿಯನ್ನು ಯಾರೂ ಇಳಿಸುತ್ತಿರಲಿಲ್ಲ. ಅಟ್ಟದಿಂದ ಇಳಿಯಿತೆಂದರೆ ಬಿಟ್ಟ ಕೊಬ್ಬರಿಯೇ. ಈ ಸಲ ಮಗಳ ಅವಸರಕ್ಕೆ ಅಪ್ಪ ಮೊದಲೇ ಇಳಿಸಿದ್ದ, ಮಗಳಿಗೆ ಅದು ಹೊಳೆದೇ ಇರಲಿಲ್ಲ. ಆ ನಂಬಿಕೆಯಲ್ಲೇ, ಬಲೆ ಹೆಣೆಯುವಾಗ ಚಿಪ್ಪಿಗೂ ಕೊಬ್ಬರಿಗೂ ನಡುವಿನ ಕಣ್ಣುಗಳ ಸಾಲಿಗೆ 'ಇಲ್ಲಿ ಗಾಳಿ' ಎಂದು ತಾನೇ ಗುರುತು ಹಾಕಿದ್ದಳು. ಕಂಪ್ಯೂಟರ್ ಪಾಪ, ಹೇಳಿದ್ದನ್ನು ಒಪ್ಪಿಕೊಂಡು ಉಳಿದದ್ದನ್ನು ತುಂಬಿತ್ತು.

"ಒಂದು ಕಾಯಿ ತಾನೆ, ಬಿಡಮ್ಮ," ಎಂದರು ವಿಷಯ ಕೇಳಿದ ಮೇಷ್ಟ್ರು. "ಈಗ ಬದಲಾಯಿಸಿದ್ರೆ ಪದವಿ ಎಲ್ಲಿಗೋ ಮುಂದಕ್ಕೆ ಹೋಗುತ್ತೆ."

ಅವಳು ಬಿಡಲಿಲ್ಲ. ಗಾಳಿಯ ಗುರುತು ಅಳಿಸಿ, ಎಲ್ಲೆಡೆ ಒಂದೇ ಅಳತೆಯ ಕಣ್ಣು ಹೆಣೆದು ಮತ್ತೆ ಲೆಕ್ಕಕ್ಕೆ ಬಿಟ್ಟಳು. ಸಭೆಯ ದಿನ ಪರದೆಯ ಮೇಲೆ ಬಂದದ್ದು ಮಸಿ ಕಲಸಿದಂಥ ಒಂದು ಮಬ್ಬು ಉಂಡೆ. ತಪ್ಪು ಎಲ್ಲಾಯಿತೆಂದು ಅವಳು ವಿವರಿಸುತ್ತಿದ್ದಂತೆಯೇ ಬೆಳೆಗಾರರು ಒಬ್ಬೊಬ್ಬರಾಗಿ ಕಾಫಿಗೆ ಎದ್ದರು. ಊರವರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂತಿದ್ದ ಕೃಷ್ಣಪ್ಪನಿಗೆ ಅವಮಾನವಾಯಿತು.

"ಇದೇನವ್ವ, ಏನೂ ಕಾಣಕಿಲ್ವಲ್ಲ?"

"ಯಂತ್ರಕ್ಕೆ ಕಂಡಿದ್ದು ಇಷ್ಟೇ ಅಪ್ಪ. ಮೊದಲನೇದು ಸುಳ್ಳು."

"ಸುಳ್ಳಾ? ನೀ ಕಳ್ಸಿದ್ದ ಆ ಚಿತ್ರಕ್ಕೆ ಕಟ್ಟು ಹಾಕ್ಸಿ ನಡುಮನೇಲಿ ತಗುಲಾಕಿವ್ನಿ ಕಣವ್ವ. ಥೇಟ್ ನಮ್ಮಟ್ಟದ ಕೊಬ್ಬರಿ ಇದ್ದಂಗೇ ಐತೆ!"

"ಅದಕ್ಕೇ ಹೇಳ್ತಿರೋದು. ಅದು ನನ್ನ ತಲೇಲಿದ್ದ ಕೊಬ್ಬರಿ, ಈ ಕಾಯೀದಲ್ಲ." ಹೇಮಾಶ್ರೀ ಪರದೆಯ ಚಿತ್ರ ಆರಿಸಿದಳು. "ಇಳಿಸ್ಬಿಡಪ್ಪ."